ಊರೆಲ್ಲಾ ಸೇರಿ ರಿಪೇರಿ ಮಾಡಿದ ಗಿರಣಿ

ಗಿರಣಿ ಕಟ್ಟಿಕೊಂಡಾಂವಗ ದಿನಾ ಒಂದು ಪೇಚು ತಪ್ಪಿದ್ದಲ್ಲ ಬಿಡ್ರಿ. ಎಂಬತ್ತರ ದಶಕದಾಗ ತಿರ್ಲಾಪುರದೊಳಗ ನಂದೊಂದು ಡೀಸೆಲ್ ಹಿಟ್ಟಿನ ಗಿರಣಿ ಇತ್ತು. ಕೆಟ್ಟರ ಮಿಸ್ತ್ರಿನ ಕರಿಯೂ ಪದ್ಧತಿ ಇರಲಿಲ್ಲ. ಬೀಸಾಕ ಬಂದವರೆಲ್ಲಾ ಒಂದೊಂದು ಕೈ ಹಚ್ಚತಿದ್ರು. ಇಂಜಿನ್ ನಂದು, ಬುದ್ಧಿ ಊರಿಂದು!

ಯಾಂವ ಸುತ್ತಿದ್ದು?

ಒಮ್ಮಿ ಇಂಜಿನ್ ಕರೀ ಹೊಗಿ ಬಿಡಾಕ ಹತ್ತಿತು. ಪಾಳಿಯೊಳಗಿದ್ದ ಟೇಲರ್ ಕಾಕಾ ಚೀಲ ಇಳಿಸಿ ಬಗ್ಗಿ ನೋಡಿದ.

"ಥೂ! ಪೈಪಿಗೆ ಸುತಳಿ ಸುತ್ತಿದಾಂವ ಯಾಂವಲೇ? ತಲಿಯೊಳಗ ಸಗಣಿ ತುಂಬೇತೇನು ಅವಂಗ?"

"ಹೋದ ವಾರ ನೀವ ಸುತ್ತಿದ್ರಲ್ರಿ ಕಾಕಾ," ಅಂದೆ ನಾ.

ಕಾಕಾ ಇನ್ನೊಮ್ಮಿ ಬಗ್ಗಿದ. "ಹಂಗಾರ ಕೆಲಸ ಅಗದಿ ಬರೋಬ್ಬರಿ ಐತಿ. ತಪ್ಪು ಇಂಜಿನ್ನಂದು."

ಬೆಲ್ಲದ ಪಾರ್ಟಿ

ಇಂಜಿನ್ನಿಂದ ಕಲ್ಲು ತಿರಗಸೂ ಪಟ್ಟಾ ಜಾರತಿತ್ತು. ಬಿಗಿ ಹಿಡಿಯಾಕ ಅಂಟು ರಾಳ ಹಚ್ಚಬೇಕಂತ ಅರ್ಧ ಮಂದಿ, ಬೆಲ್ಲ ಹಚ್ಚಬೇಕಂತ ಅರ್ಧ ಮಂದಿ. ಮಾತಿಗೆ ಮಾತು ಬೆಳೀತು. "ಬೇಕಾದ್ರ ನಾವ ಬ್ಯಾರೆ ಗಿರಣಿ ಹಾಕತೀವಿ!" ಅಂತ ಬೆಲ್ಲದವರು ಚೀಲ ಹೊತ್ತು ಎದ್ದೇಬಿಟ್ರು. ಹಿರಿಯರು ಕುಂದರಿಸಿ ರಾಜಿ ಮಾಡಿಸಿದ್ರು: ಪಟ್ಟಾದ ಅರ್ಧಕ್ಕ ರಾಳ, ಇನ್ನರ್ಧಕ್ಕ ಬೆಲ್ಲ. ಗಿರಣಿ ನಿಂತು ಹಾರಿ, ಹಾರಿ ನಿಂತು ತಿರಗತಿತ್ತು.

ಸಂಜೀಕ ಇರುವಿ ಸಾಲಗಟ್ಟಿ ಬಂದವು. ಬೆಲ್ಲದವರು ಎದಿ ಉಬ್ಬಿಸಿ, "ನೋಡ್ರಿ, ಬಹುಮತ ನಮ್ಮ ಕಡೆ," ಅಂದ್ರು.

ಮಗಳ ಲಗ್ನ

ಮಗಳ ಲಗ್ನದ ದಿನ ಮುಂಜಾನೆ ಹೋಳಿಗಿ ಗೋದಿ ಬೀಸಬೇಕು, ಇಂಜಿನ್ ಸತ್ತು ಕುಂತಿತು. ಬೀಗರು ಕುಂದಗೋಳದಿಂದ ಬಂದು ಇಳಿದಾರ. ಊರಿಗೆ ಊರ ಬಂತು. ಬಿಚ್ಚಿದ್ರು, ಬಡದ್ರು, ಶುರು ಆತು. ಹಿಟ್ಟೂ ಆತು. ಆದ್ರ ನಿಲ್ಲಿಸೂ ಹಿಡಿಕಿ ರಿಪೇರಿಯೊಳಗ ಯಾರೋ ಕಿತ್ತಿದ್ರು, ಎಲ್ಲಿಟ್ರೋ ಶಿವನ ಬಲ್ಲ! ಖಾಲಿ ತಿರುಗಿದ್ರ ಬೀಸೂ ಕಲ್ಲು ಹಾಳಾಗತಾವಂತ ನಾ ಜ್ವಾಳ ಸುರುವಿಕೋತ ನಿಂತೆ.

"ಡೀಸೆಲ್ ತೀರಿದ್ರ ತಾನ ನಿಲ್ಲತೈತಿ," ಅಂದ್ರು ಹಿರಿಯರು. ಕಾದೆ. ಕಾದೇ ಕಾದೆ. ನಿಲ್ಲವಲ್ದು!

ಅಷ್ಟರಾಗ ಹೆಂಡತಿ ಓಡಿ ಬಂದಳು. "ಮುಹೂರ್ತ ಮೀರಾಕ ಹತ್ತೇತಿ, ಮದುಮಗ ಎಲ್ಲೂ ಕಾಣವಲ್ಲ! ಲಗ್ನ ಮುರೀತೋ ಏನೋ!"

 ಹಾಳಾಗಿ ಹೋಗಲಿ ಕಲ್ಲು ಅಂತ ಜ್ವಾಳದ ಬುಟ್ಟಿ ಒಗದು, ಹುಡುಕಾಕ ಹಿತ್ತಲ ಬಾಗಿಲಾ ದಾಟಿದೆ. ಅಲ್ಲಿ ನೋಡಿದ್ರ, ಬಾಸಿಂಗ ಕಟ್ಟಿಕೊಂಡ ಅಳಿಯ ಕ್ಯಾನ್ ಎತ್ತಿ ಇಂಜಿನ್ನಿನ ಟಾಕಿಗೆ ಡೀಸೆಲ್ ಸುರುವಾಕ ಹತ್ಯಾನ!

"ಚಿಂತಿ ಬಿಡ್ರಿ ಮಾವಾ," ಅಂದ ನಕ್ಕೋತ, "ನಾ ಇರೂತನಕ ನಿಮ್ಮ ಇಂಜಿನ್ ನಿಲ್ಲಾಕ ಬಿಡಂಗಿಲ್ಲ!"