ಮುಟ್ಟಬಾರದ ಬಲ್ಬು

ವೀರೇಶನ ಮೋಟಾರ್ ಸೈಕಲ್ಲಿನ ಮುಂದಿನ ದೀಪ ಸುಟ್ಟುಹೋಗಬಾರದ ದಿನವೇ ಸುಟ್ಟುಹೋಯಿತು. ಹೆಂಡತಿ ಮಹಾನಂದಾ ಕಮತಗಿಯ ತವರಿಗೆ ಹೋಗಿ ತಿಂಗಳಾಗಿತ್ತು. ಇಳಕಲ್ಲಿನ ಮನೆಯಲ್ಲಿ ಅವಳ ಬಳೆ ಸದ್ದಿಲ್ಲದೆ ಅವನಿಗೆ ಚಹಾ ಕೂಡ ರುಚಿ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಅವಳೇ ಫೋನ್ ಮಾಡಿದಳು.

"ಸಂಜಿಗೆ ಬಂದು ಕರಕೊಂಡು ಹೋಗ್ರಿ. ನಾಳೆ ಅಮಾಸಿ, ಅವ್ವ ಕಳಸಂಗಿಲ್ಲ. ಆಮ್ಯಾಲ ಪಂಚಮಿ ಮುಗದ ಮ್ಯಾಲ ನೋಡ್ರಿ."

"ಬಲ್ಬ್ ಹೋಗೇತಿ, ಹಾಕ್ಕೊಂಡು ಬರ್ತೇನಿ."

"ನಿಮ್ದು ದಿನಾ ಒಂದು ನೆವ," ಎಂದು ಫೋನ್ ಇಟ್ಟಳು.

ಮಗ್ಗ ಬಿಟ್ಟೆದ್ದು ಅಬ್ದುಲಸಾಬರ ಗಾಡಿ ಸಾಮಾನಿನ ಅಂಗಡಿಗೆ ಓಡಿದ. ಅವರು ಬಲ್ಬಿನ ಬುಡ ಹಿಡಿದು ಕೊಟ್ಟರು.

"ಹ್ಯಾಲೊಜನ್ ಐತಿ, ಗಾಜು ಮುಟ್ಟಬ್ಯಾಡ. ಕೈ ಜಿಡ್ಡು ಹತ್ತಿದಲ್ಲೇ ಜಾಸ್ತಿ ಕಾದು ಒಡೀತೈತಿ. ತಂತಿ ಕಾದು ಸವೀತೈತಿ ನೋಡು, ಒಳಗಿನ ಗ್ಯಾಸು ಸವದದ್ದನ್ನ ಹೊಳ್ಳಿ ತಂತಿಗೇ ತಂದು ಹಚ್ಚತೈತಿ. ಆದ್ರ ಮೊದಲಿನ ಜಾಗಕ್ಕ ಕೂಡಂಗಿಲ್ಲ, ಎಲ್ಲೋ ತೆಳ್ಳಗಾಗಿ ಒಂದಿನ ಹರೀತೈತಿ."

ಹೋದದ್ದನ್ನು ಮರಳಿ ತರುವ ಗ್ಯಾಸು ಮನುಷ್ಯರಿಗೂ ಇದ್ದಿದ್ದರೆ ಎಂದುಕೊಂಡ ವೀರೇಶ.

ಮನೆ ಮುಂದೆ ಪಕ್ಕದ ಮನೆಯ ಬಾಬಣ್ಣ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದ. "ತಾ ಇಲ್ಲಿ ಲೇ," ಎಂದವನೇ ಬಲ್ಬು ಕಸಿದು, ಹೆಬ್ಬೆರಳಿಂದ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿದ. "ಮಾಲು ಚಲೋ ಐತಿ." ಹಚ್ಚಿದ ಸ್ವಲ್ಪ ಹೊತ್ತಿಗೇ ಆ ಚಲೋ ಮಾಲು ಟಪ್ಪೆಂದಿತು.

ಎರಡನೆಯದನ್ನು ವೀರೇಶ ಹಸುಗೂಸಿನಂತೆ ಬಟ್ಟೆಯಲ್ಲಿ ಸುತ್ತಿ ತಂದ. ಎದುರು ಮನೆಯ ಮುದುಕಿ ಗುರುಸಿದ್ದವ್ವ ವಿಭೂತಿ ಹಿಡಿದು ಬಂದಳು.

"ಹೊಸಾ ಸಾಮಾನಿಗೆ ವಿಭೂತಿ ಹಚ್ಚದ ಹಾಕತಾರೇನೋ? ಅದಕ್ಕ ಮೊದಲಿಂದು ಒಡೀತು."

"ಆಯಿ, ನಿನ್ನ ಕಾಲಿಗೆ ಬೀಳ್ತೇನಿ, ಮುಟ್ಟಬ್ಯಾಡ."

"ಆತು ಬಿಡಪ," ಎಂದಳು ಮುದುಕಿ. ಅಷ್ಟು ಸಲೀಸಾಗಿ ಅವಳೆಂದೂ ಒಪ್ಪಿದವಳಲ್ಲ. ಅವನಿಗೆ ಅದು ಹೊಳೆಯಲಿಲ್ಲ. ಬಲ್ಬಿನ ಗಂಟನ್ನು ಗಾಡಿಯ ಸೀಟಿನ ಮೇಲಿಟ್ಟು ಒಳಗೆ ಹೋಗಿ ಮುಖ ತೊಳೆದು, ಮಹಾನಂದಾಗೆ ಇಷ್ಟವಾದ ನೀಲಿ ಅಂಗಿ ತೊಟ್ಟು ಬಂದು, ಬಟ್ಟೆಯಲ್ಲೇ ಹಿಡಿದು ಬಲ್ಬು ಕೂರಿಸಿದ.

ಕಮತಗಿ ಮುಟ್ಟುವಾಗ ಕತ್ತಲಾಗಿತ್ತು. ದೀಪ ಹಾಲು ಚೆಲ್ಲಿದಂತೆ ಬೆಳಗುತ್ತಿತ್ತು. ಬಾಗಿಲಲ್ಲಿ ಅತ್ತೆ ಶಿವಲಿಂಗವ್ವ ಹಣೆ ಬಡಿದುಕೊಂಡಳು.

"ನಿಮಗ ಕತ್ತಲಾಗ ತ್ರಾಸ ಬ್ಯಾಡಂತ ಅಕಿನೇ ಬಸ್ ಹತ್ತಿ ಹೋದಳಲ್ರಿ. ನಿಮ್ಮ ಫೋನ್ ಹತ್ತಲೇ ಇಲ್ಲ."

ಹೇಗೂ ಮನೆಗೇ ಹೋಗಿದ್ದಾಳಲ್ಲ ಎಂದು ಖುಷಿಯಿಂದ ಗಾಡಿ ತಿರುಗಿಸುವಷ್ಟರಲ್ಲಿ ಫೋನ್ ಬಂತು. ಅವಳ ದನಿ ಕೇಳಿ ಜೀವ ತಂಪಾಯಿತು.

"ಮನಿಗೆ ಬಂದೇನ್ರಿ. ಹಾದಿ ಕಾಯ್ತೇನಿ, ಸಾವಕಾಶ ಬರ್ರಿ. ದೀಪದ ಚಿಂತಿ ಇಲ್ಲಂತ. ನೀವು ಅಂಗಿ ಹಾಕ್ಕೊಳ್ಳಾಕ ಹೋದಾಗ ಆಯಿ ಬಲ್ಬಿಗೆ ವಿಭೂತಿ ಹಚ್ಚಿ, ನಿಮಗ ಕಾಣಬಾರದಂತ ಕೈಲೆ ಒರಸ್ಯಾಳಂತ."

ದೀಪ ಟಪ್ಪೆಂದಿತು.

"ಒಳಗ ಬರ್ರಿ," ಎಂದಳು ಅತ್ತೆ ಕತ್ತಲಲ್ಲಿ. "ಈಗ ಬಸ್ಸೂ ಇಲ್ಲ. ನಾಳೆ ಅಮಾಸಿ, ಅಳಿಯಂದ್ರನ್ನ ನಾವು ಕಳಸೂದಿಲ್ಲ."

ವೀರೇಶ ಫೋನ್ ಕಿವಿಗೆ ಒತ್ತಿಕೊಂಡ. "ಮಹಾನಂದಾ, ಬಲ್ಬ್ ಹೋಗೇತಿ."

ಆ ಕಡೆ ಬಳೆ ಸದ್ದಾಯಿತು.

"ನಿಮ್ದು ದಿನಾ ಒಂದು ನೆವ," ಎಂದಳು ಅವಳು.