ನಿಮಗೇನನ್ನಿಸುತ್ತೆ, ಮೇಡಂ?

ಸಲಹೆಗೆ ನಮ್ಮ ಹೊಳೆನರಸೀಪುರದಲ್ಲಿ ಯಾವತ್ತೂ ಬರವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕೆಮ್ಮಿ ನೋಡಿ. ಪಕ್ಕದವರು ಕಷಾಯ ಹೇಳುತ್ತಾರೆ, ಅವರ ಪಕ್ಕದವರು ಆ ಕಷಾಯ ಕುಡಿದರೆ ಆಗುವ ಅನಾಹುತ ಹೇಳುತ್ತಾರೆ. ಬೇಡವೆಂದರೂ ಬುದ್ಧಿ ಹೇಳುವ ಇಂಥ ಊರಿನಲ್ಲಿ ಬೆಳೆದ ನನಗೆ, ಅಂಗಲಾಚಿದರೂ ಒಂದು ಸಲಹೆ ಕೊಡದ ಮನುಷ್ಯ ಸಿಕ್ಕಿದ್ದು ಒಬ್ಬರೇ. ಅವರನ್ನು ಮೇಲಿನವರು ಕಳಿಸಿದ್ದೇ ನನಗೆ ಸಲಹೆ ಕೊಡಲಿಕ್ಕೆ.

ಹೋದ ವರ್ಷ ನಾನು ಹಳ್ಳಿಮೈಸೂರು ಕಡೆಯ ಒಂದು ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದೆ. ಅಲ್ಲಿಯವರೆಗೆ ಕನ್ನಡ ಪಾಠ ಹೇಳಿಕೊಂಡು, ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರನ್ನು ಬೈದುಕೊಂಡು ಸುಖವಾಗಿದ್ದವಳು. ಬಂದ ವಾರದಲ್ಲೇ ಗೊತ್ತಾಯಿತು, ಈ ಶಾಲೆಯನ್ನು ನಡೆಸುವುದು ನಾನಲ್ಲ, ಹಾಸನದ ಬಸ್ಸು. ಹತ್ತನೇ ಕ್ಲಾಸಿಗೆ ಕೊನೇ ಪೀರಿಯಡ್ ಗಣಿತ. ಪಾಠದ ನಡುವೆ ರಸ್ತೆಯಲ್ಲಿ ಹಾರನ್ ಕೇಳಿದರೆ ಗಣಿತದ ಪುಟ್ಟಸ್ವಾಮಿ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ಉಳ್ದಿದ್ದು ನಾಳೀಕೆ" ಎಂದು ಬ್ಯಾಗು ಎತ್ತುತ್ತಿದ್ದರು. ತ್ರಿಕೋನದ ಎರಡು ಬದಿ ಬೋರ್ಡಿನ ಮೇಲೆ, ಮೂರನೆಯದು ನಾಳೆಗೆ. ಕೇಳಿದ್ದಕ್ಕೆ, "ಅದು ಓದ್ರೆ ಮುಂದಿನ ಬಸ್ಸು ಕತ್ಲಾದ್ಮೇಲೇಯ ಮೇಡಂ. ಆಗಾಕಿಲ್ಲ ಅಂದ್ರೆ ಏಳ್ಬುಡಿ, ಟ್ರಾನ್ಸ್‌ಫರ್ ತಗೊಂಡು ಕಟ್ಟಾಯದ ಕಡೀಕೆ ಓಯ್ತೀನಿ" ಅಂದರು. ಅವರು ಹೋದರೆ ಇನ್ನೊಬ್ಬ ಗಣಿತದವರು ಬರುವ ಹೊತ್ತಿಗೆ ಮಕ್ಕಳ ಪರೀಕ್ಷೆಯೇ ಮುಗಿದಿರುತ್ತದೆ. ಇದ್ದರೆ ಅರ್ಧ ಪಾಠ, ಹೋದರೆ ಅದೂ ಇಲ್ಲ. ಮಕ್ಕಳು ಲೆಕ್ಕದಲ್ಲಿ ಫೇಲಾದರೆ ಏನು ಗತಿ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಹೊಸ ಹೆಡ್‌ಗಳಿಗೆಲ್ಲ ಒಬ್ಬೊಬ್ಬ ಮಾರ್ಗದರ್ಶಕರನ್ನು ಕೊಡುತ್ತಾರೆಂಬ ಸುದ್ದಿ ಬಂತು. ನನ್ನ ಪಾಲಿಗೆ ಬಂದವರು ಚನ್ನರಾಯಪಟ್ಟಣದ ಶ್ರೀಕಂಠಯ್ಯನವರು, ನಿವೃತ್ತ ಪ್ರಿನ್ಸಿಪಾಲರು. ಇಸ್ತ್ರಿ ಮಾಡಿದ ಶರಟು, ಇಸ್ತ್ರಿ ಮಾಡಿದಂಥದೇ ನಗು. ಕಾಫಿ ತರಿಸಿ ಕಷ್ಟವನ್ನೆಲ್ಲ ತೋಡಿಕೊಂಡೆ. ಕಣ್ಣು ಮುಚ್ಚಿ ಕೇಳಿ, ಆಮೇಲೆ ಕಣ್ಣು ತೆರೆದು, "ನಿಮಗೇನನ್ನಿಸುತ್ತೆ, ಮೇಡಂ?" ಎಂದರು.

"ನಂಗೇನೂ ತೋಚ್ತಿಲ್ಲ ಅಂತಲೇ ಅಲ್ವಾ ಸಾರ್ ನಿಮ್ಮನ್ನ ಕೇಳಿದ್ದು?"

"ತೋಚದೇ ಇದ್ದಾಗ ಹೇಗನ್ನಿಸುತ್ತೆ?"

ಹೇಗನ್ನಿಸಿತೆಂದು ಬಾಯಿಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅವರದೇನೂ ತಪ್ಪಿಲ್ಲವಂತೆ. ತರಬೇತಿಯಲ್ಲಿ ಹೇಳಿಕೊಟ್ಟದ್ದೇ ಅಷ್ಟು: ಉತ್ತರ ಕೊಡಬಾರದು, ಪ್ರಶ್ನೆ ಕೇಳಬೇಕು, ಪರಿಹಾರ ಅವರವರೊಳಗೇ ಇರುತ್ತದೆ. ನನ್ನೊಳಗೆ ಆಗ ಇದ್ದದ್ದು ಬೆಳಗಿನ ಇಡ್ಲಿ ಮಾತ್ರ. ಅವರು ಇನ್ನೂ ಏನೋ ಕೇಳಲು ಬಾಯಿ ತೆರೆದಿದ್ದರು, ಹಾರನ್ ಕೇಳಿಸಿತು. ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟು ಪುಟ್ಟಸ್ವಾಮಿ ಮೇಷ್ಟ್ರ ಹಿಂದೆಯೇ ಓಡಿದರು.

ಅಂದು ಸಂಜೆ ಮನೆಯಲ್ಲಿ ನಮ್ಮ ಯಜಮಾನರು "ಏನೇ ಸಾರು ಇವತ್ತು?" ಎಂದಾಗ, ಸಿಟ್ಟಿನಲ್ಲಿ "ನಿಮಗೇನನ್ನಿಸುತ್ತೆ?" ಎಂದೆ. ಅವರು ನನ್ನ ಮುಖ ನೋಡಿ, ಎದ್ದುಹೋಗಿ ಬೇಳೆ ತೊಳೆದರು. ಮದುವೆಯಾದ ಲಾಗಾಯ್ತು ಇಂಥದ್ದು ನಡೆದಿರಲಿಲ್ಲ. ಆ ಪ್ರಶ್ನೆಯಲ್ಲಿ ಏನೋ ಇದೆ ಅನ್ನಿಸಿತು.

ಮಾರನೆಯ ದಿನ ಪುಟ್ಟಸ್ವಾಮಿ ಮೇಷ್ಟ್ರನ್ನು ಕೂರಿಸಿಕೊಂಡು, ಕಣ್ಣು ಮುಚ್ಚಿ ತೆರೆದು, ಅದನ್ನೇ ಕೇಳಿದೆ. ಅವರನ್ನು ಯಾರೂ ಹಾಗೆ ಕೇಳಿರಲಿಲ್ಲವೋ ಏನೋ, ಮುಖ ಅರಳಿತು. "ಲೆಕ್ಕ ಅನ್ನೋದು ಬೆಳಿಗ್ಗೆನೇ ಆಗ್ಬೇಕು ಮೇಡಂ, ಮಕ್ಳ ತಲೆ ತಿಳಿಯಾಗಿರ್ತದೆ. ಫಸ್ಟ್ ಪೀರಿಯಡ್ ನಂಗೆ ಕೊಟ್ಬುಡಿ, ಬೇಕಾದ್ರೆ ಪ್ರೇಯರ್‌ಗೂ ಮುಂಚೆ ಬತ್ತೀನಿ."

ಖುಷಿಯಲ್ಲಿ ಒಪ್ಪಿಬಿಟ್ಟೆ. ಅವರೂ ಮಾತಿಗೆ ತಪ್ಪಲಿಲ್ಲ. ಬೇಗ ಬರುತ್ತಾರೆ, ತ್ರಿಕೋನಕ್ಕೆ ಮೂರೂ ಬದಿ ಬಂದಿವೆ. ಹತ್ತನೆಯ ಕ್ಲಾಸಿನ ಮೊದಲ ಪೀರಿಯಡ್, ಹೆಡ್ ಆದ ಮೇಲೂ ನಾನು ಬಿಡದೆ ಉಳಿಸಿಕೊಂಡಿದ್ದ ಕನ್ನಡದ್ದು ಎಂಬುದು ಮಾತ್ರ ಒಪ್ಪಿದ ಮೇಲೆ ಹೊಳೆಯಿತು. ಬದಲಿಗೆ ನನಗೆ ಸಿಕ್ಕಿದ್ದು ಕೊನೆಯದು, ಅಲ್ಲಿಯವರೆಗೆ ನಾನು ಬಾಗಿಲು ಮುಂದೆ ಮಾಡಿಕೊಂಡು ಟೀ ಕುಡಿಯುತ್ತಿದ್ದ ಹೊತ್ತು. ಮತ್ತೆ ಬಂದ ಶ್ರೀಕಂಠಯ್ಯನವರು, "ನೋಡಿದಿರಾ, ಪರಿಹಾರ ನಿಮ್ಮೊಳಗೇ ಇತ್ತು" ಎಂದು ನಕ್ಕು, ಕೊನೇ ಪೀರಿಯಡ್ಡಿನ ಗಂಟೆ ಹೊಡೆಯುತ್ತಲೇ ಬಸ್ಸಿಗೆಂದು ಎದ್ದರು.

ಅಂದು ಕೊನೇ ಪೀರಿಯಡ್ಡಿನಲ್ಲಿ ಹಳಗನ್ನಡ ಪದ್ಯ. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಕಿಟಕಿಯಾಚೆ ಹಾರನ್ ಹೊಡೆದು ನಿಂತಿದ್ದ ಬಸ್ಸಿನಲ್ಲಿ ಶ್ರೀಕಂಠಯ್ಯನವರೂ ಪುಟ್ಟಸ್ವಾಮಿ ಮೇಷ್ಟ್ರೂ ಒಂದೇ ಸೀಟಿನಲ್ಲಿ ಕೂತು ನನಗೆ ಕೈಬೀಸುತ್ತಿದ್ದರು. ನಾನು ಮಕ್ಕಳ ಕಡೆ ತಿರುಗಿ, "ಈ ಪದ್ಯದ ಬಗ್ಗೆ ನಿಮಗೇನನ್ನಿಸುತ್ತೆ?" ಎಂದು ಕೇಳಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಬಲು ವಿನಯದಿಂದ ಹೇಳಿದಳು: "ಉಳ್ದಿದ್ದು ನಾಳೀಕೆ ಮಾಡಾನ ಅನ್ಸುತ್ತೆ ಮಿಸ್."

ಗದರಬೇಕೆಂದು ಬಾಯಿ ತೆರೆದೆ. ಬಸ್ಸು ಇನ್ನೂ ಹೊರಟಿರಲಿಲ್ಲ. ನನ್ನ ಕೈ ಆಗಲೇ ಸೀಮೆಸುಣ್ಣವನ್ನು ಕೆಳಗಿಟ್ಟಿತ್ತು.