ಜರ್ಮನ್ ಯುದ್ಧನೌಕೆಗೆ ಆಯುಧಪೂಜೆ

ವಿಜಯದಶಮಿಯ ಬೆಳಗಿನ ಪೂಜೆ ಮುಗಿಸಿ, ಅಡುಗೆಮನೆಯ ಮೇಜಿನ ಮುಂದೆ ಕುಳಿತು ನಾನು ಅವರೆಕಾಳು ಹಿದುಕುತ್ತಿದ್ದೆ. ನಾವಿರುವ ಈ ಪ್ಲಿಮತ್ ಊರಿನಲ್ಲಿ ಸೊಗಡಿನ ಅವರೆಕಾಯಿ ಎಲ್ಲಿಂದ ಬರಬೇಕು? ಇಂಡಿಯನ್ ಸ್ಟೋರಿನ ಫ್ರೀಜರಿನಿಂದ ತಂದ, ಗೋಲಿಯಂತೆ ಗಟ್ಟಿಯಾಗಿದ್ದ ಕಾಳು. ಆದರೂ ಸಿಕ್ಕಿತಲ್ಲ, ಅದೇ ದೇವರ ದಯೆ. ನಾನು ಇಂಥ ಸಣ್ಣಪುಟ್ಟ ದಯೆಗಳನ್ನು ಎಣಿಸಿಕೊಳ್ಳುವವಳು. ಹಾಲು ಉಕ್ಕುವ ಮೊದಲೇ ಸ್ಟವ್ ನೆನಪಾಗುವುದು, ಹಿಮ ಬೀಳುವ ಹಿಂದಿನ ದಿನವೇ ತರಕಾರಿ ತಂದಿಟ್ಟಿರುವುದು, ಮಗಳು ಕರೆದ ಮೊದಲ ಸಲಕ್ಕೇ ಊಟಕ್ಕೆ ಬರುವುದು, ಇವೆಲ್ಲ ನನ್ನ ಪಾಲಿಗೆ ಬಂದ ದಯೆಗಳು. ಅಂಥದ್ದೇ ಲೆಕ್ಕದಲ್ಲಿ ನಾನು ಮಗ್ನಳಾಗಿರುವಾಗ ಫೋನ್ ಬಂದಿತು. ಬೆರಳ ನಡುವಿದ್ದ ಕಾಳು ಜಾರಿ ಹಾರಿ ಎದುರಿನ ಗೋಡೆಗೆ ಬಡಿಯಿತು.

ಬಸವರಾಜ್ ಅವರ ಫೋನು. ನಮ್ಮವರ ಸ್ನೇಹಿತರು, ಹುಬ್ಬಳ್ಳಿಯವರು, ಶಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಮನೆ. ಅದೇ ಊರಿನ ಒಂದು ಸಭಾಂಗಣದಲ್ಲಿ ಅಂದು ಮಾಡೆಲ್ ಹಡಗುಗಳ ಸ್ಪರ್ಧೆ. ನಮ್ಮವರು ತಮ್ಮ ಹಡಗನ್ನು ಪೆಟ್ಟಿಗೆಯಲ್ಲಿಟ್ಟು, ಸೀಟ್ ಬೆಲ್ಟ್ ಬಿಗಿದು, ಕೂಸನ್ನು ಕರೆದೊಯ್ಯುವ ಹಾಗೆ ಬೆಳಗಿನ ಜಾವವೇ ಡ್ರೈವ್ ಮಾಡಿಕೊಂಡು ಹೋಗಿದ್ದರು.

"ವೈನಿ, ಏನ್ ಮಾಡೀರಿ ನೀವು?" ಎಂದರು ಬಸವರಾಜ್.

"ಅವರೆಕಾಳು ಹಿದುಕ್ತಾ ಇದೀನಿ."

"ಅದಲ್ರೀ. ಹಡಗಕ್ಕ ಏನ್ ಮಾಡೀರಿ? ನಿಮ್ ಮನಿಯವ್ರು ಪೆಟಗಿ ತಗದು ನೋಡಿ ಕುರ್ಚಿ ಮ್ಯಾಲೆ ಕುಂತುಬಿಟ್ಟಾರ. ಮಾತೇ ಆಡವಲ್ರು."

ನಾನು ಏನು ಮಾಡಿದ್ದೆನೆಂದು ಹೇಳುವ ಮೊದಲು ಆ ಹಡಗಿನ ಬಗ್ಗೆ ಹೇಳಬೇಕು. ವಾರೆನ್ ಎಂಬ ಊರಿನಲ್ಲಿ ಕಾರಿನ ಬ್ರೇಕಿಗೆ ಸಂಬಂಧಪಟ್ಟ ಕೆಲಸ ಮಾಡುವ ನಮ್ಮವರಿಗೆ, ಮೊದಲ ಮಹಾಯುದ್ಧಕ್ಕೆ ಮುಂಚಿನ ಜರ್ಮನ್ ಯುದ್ಧನೌಕೆಗಳ ಹುಚ್ಚು ಯಾಕೆ ಹಿಡಿಯಿತೋ ಆ ಚಾಮುಂಡಿಗೇ ಗೊತ್ತು. ಬೇರೆಯವರ ಗಂಡಂದಿರು ಗಾಲ್ಫ್ ಆಡುತ್ತಾರೆ, ಷೇರು ನೋಡುತ್ತಾರೆ. ನಮ್ಮವರು ಮೂರು ಚಳಿಗಾಲ ಬೇಸ್‌ಮೆಂಟಿನಲ್ಲಿ ಕುಳಿತು, ಒಂದೂವರೆ ಅಡಿಯ ಹಡಗಿಗೆ ಶಾವಿಗೆ ಎಳೆಯಷ್ಟು ಸಪೂರ ತೋಪುಗಳನ್ನು ಅಂಟಿಸಿದರು. ಊಟಕ್ಕೆ ಬಂದರೂ ಅದೇ ಮಾತು. ತೋಪುಗಳು ಕೂರುವ, ಸುತ್ತಲೂ ತಿರುಗುವ ಉಕ್ಕಿನ ಗೂಡಿಗೆ ಟರೆಟ್ ಎನ್ನುತ್ತಾರಂತೆ. ಮೇಲೆ ಕಾಣುವುದು ಬರೀ ಮುಚ್ಚಳವಂತೆ. ಕೆಳಗೆ ಬಾವಿಯ ಹಾಗೆ ಆಳವಾಗಿ ಮದ್ದಿನ ಕೋಣೆಯವರೆಗೂ ಇಳಿದಿರುತ್ತದಂತೆ, ಗುಂಡುಗಳು ಅಲ್ಲಿಂದ ಲಿಫ್ಟಿನಲ್ಲಿ ಬರುತ್ತವಂತೆ. ಬೇರೆ ದೇಶದವರು ಮದ್ದನ್ನು ರೇಷ್ಮೆ ಚೀಲದಲ್ಲಿ ತುಂಬಿದರೆ, ಜರ್ಮನ್ನರು ಅದರ ದೊಡ್ಡ ಪಾಲನ್ನು ಹಿತ್ತಾಳೆಯ ಡಬ್ಬಿಯಲ್ಲಿ ತುಂಬುತ್ತಿದ್ದರಂತೆ.

"ಹಿತ್ತಾಳೆನಾ? ಹುಣಸೇಹಣ್ಣು ಹಾಕಿ ತಿಕ್ಕೋಕೆ ಯಾರನ್ನ ಇಟ್ಕೊಂಡಿದ್ರು?" ಎಂದು ಕೇಳಿದೆ. ನಮ್ಮವರು ಎರಡು ದಿನ ಯುದ್ಧದ ಮಾತು ಬಿಟ್ಟರು. ಅದೂ ಒಂದು ದಯೆ.

ಈಗ ಹಿಂದಿನ ದಿನದ ಆಯುಧಪೂಜೆಗೆ ಬರೋಣ. ಈ ದೇಶಕ್ಕೆ ಬಂದಾಗಿನಿಂದ ಆ ದಿನ ನಾನು ಪೂಜಿಸುವ ಆಯುಧಗಳೆಂದರೆ ಈಳಿಗೆಮಣೆ, ಮಿಕ್ಸಿ, ಹಿಮ ತೂರುವ ಸ್ನೋ ಬ್ಲೋಯರ್, ಮಗಳ ಲ್ಯಾಪ್‌ಟಾಪ್, ಎರಡು ಕಾರು. ಆಯುಧವೆಂಬ ಹೆಸರಿಗೆ ನಾಚಿಕೆಯಾಗಬೇಕು. ಈ ಸಲ ಹಾಗಲ್ಲ. ದೊಡ್ಡ ತೋಪು ಹನ್ನೆರಡು, ಮಧ್ಯಮದವು ಹದಿನಾಲ್ಕು, ಚಿಕ್ಕವು ಬೇರೆ, ನಿಜವಾದ ಆಯುಧಗಳು ನಮ್ಮದೇ ಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿವೆ, ಮರುದಿನ ಸ್ಪರ್ಧೆಗೆ ಹೊರಟಿವೆ. ಸ್ನೋ ಬ್ಲೋಯರಿಗೆ ಕುಂಕುಮ ಇಟ್ಟು ಇವನ್ನು ಬಿಟ್ಟರೆ ದೇವಿ ಏನೆಂದುಕೊಳ್ಳುತ್ತಾಳೆ? ನಮ್ಮವರು ಆಫೀಸಿಗೆ ಹೋಗಿದ್ದರು. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಅದಕ್ಕೇ ಕೇಳಲಿಲ್ಲ.

ಪೆಟ್ಟಿಗೆ ತೆರೆದು ಹಡಗನ್ನು ದೇವರ ಮುಂದಿಟ್ಟೆ. ಊದುಬತ್ತಿಯ ಕಡ್ಡಿಯಿಂದ ಪ್ರತಿ ಟರೆಟ್ಟಿನ ನೆತ್ತಿಗೆ ಗಂಧದ ಚುಕ್ಕೆ, ಅದರ ಮೇಲೆ ಕುಂಕುಮ. ಚಿಮಣಿಗೆ ಒಂದು ಸೇವಂತಿಗೆಯ ದಳ. ಚಕ್ರವಿಲ್ಲದ್ದರಿಂದ ನಿಂಬೆಹಣ್ಣು ಬೇಕಾಗಲಿಲ್ಲ. ಅಷ್ಟರಲ್ಲಿ ನೋಡುತ್ತೇನೆ, ಮುಂದಿನ ತೋಪುಗಳು ನೇರವಾಗಿ ದೇವಿಯ ಫೋಟೋಗೇ ಗುರಿ ಇಟ್ಟಿವೆ! ದೇವರ ಕಡೆ ಕಾಲು ಚಾಚುವುದೇ ತಪ್ಪು, ತೋಪು ಚಾಚುವುದುಂಟೇ? ಟರೆಟ್ಟುಗಳು ತಿರುಗುತ್ತವೆಂದು ನಮ್ಮವರೇ ಹೇಳಿದ್ದರಲ್ಲ. ಮೆಲ್ಲಗೆ ಅವನ್ನೆಲ್ಲ ದೇವರಿಗೆ ಬೆನ್ನಾಗುವಂತೆ ತಿರುಗಿಸಿ, ಆರತಿ ಎತ್ತಿ, ಹಡಗನ್ನು ಇದ್ದ ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ.

"ವೈನಿ, ಮುಂದಿನ ತೋಪು ತನ್ನ ಕಪ್ತಾನನ ಮ್ಯಾಲೇ ಗುರಿ ಹಿಡದಾವ್ರಿ," ಎಂದರು ಬಸವರಾಜ್. "ಬಾಜೂದಾಂವ ಕೇಳಾಕತ್ತಾನ, ಹಡಗದೊಳಗ ದಂಗೆ ಎದ್ದೈತೇನು ಅಂತ. ಊಟ ಆದ ಕೂಡಲೇ ಜಡ್ಜ್ ಬರ್ತಾರ."

ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಮಗಳು ಅನನ್ಯಾ, "ಅಮ್ಮಾ, ಯು ಪುಟ್ ಕುಂಕುಮ ಆನ್ ಅ ಬ್ಯಾಟಲ್‌ಶಿಪ್?" ಎಂದು ಅಲ್ಲೇ ಕುಸಿದು ಕುಳಿತು ನಗತೊಡಗಿದಳು. ನನಗೆ ಅಳು ಬರುವ ಹಾಗಿತ್ತು. ಮೂರು ಚಳಿಗಾಲದ ಕೆಲಸ. ಆ ಮನುಷ್ಯ ಜೀವಮಾನದಲ್ಲಿ ನನಗೆ ಒಂದು ಗಟ್ಟಿ ಮಾತು ಆಡಿದವರಲ್ಲ. ಇನ್ನು ಮೆತ್ತಗಿನ ಮಾತನ್ನೂ ಆಡದೆ ಹೋದರೆ?

"ನೀರು ಮಾತ್ರ ಮುಟ್ಟಿಸಬೇಡಿ!" ಎಂದು ಕೂಗಿದೆ. "ಗಂಧ ಒಣಗಿರತ್ತೆ. ಅವರ ಪೇಂಟ್ ಬ್ರಷ್ ತಗೊಂಡು ಒಣಗಿದ ಹಾಗೇ ಉದುರಿಸಿ. ರೇಷ್ಮೆ ಸೀರೆ ಮೇಲೆ ಬಿದ್ದಾಗ ನಾವು ಹಾಗೇ ಮಾಡೋದು."

"ಒಂದಕ್ಕ ನಾ ಆಗಲೇ ಒದ್ದೆ ಟಿಶ್ಯೂಲೇ ಒರಿಸೀನ್ರಿ," ಎಂದರು ಬಸವರಾಜ್, ತೀರಾ ಸಣ್ಣ ದನಿಯಲ್ಲಿ. "ಕೆಂಪಗ ಬಳಕೊಂಡೈತಿ."

ಪಾಪದಲ್ಲಿ ಪಾಲುದಾರರೊಬ್ಬರು ಸಿಕ್ಕಿದ್ದು ಆ ಹೊತ್ತಿಗೆ ದೊಡ್ಡ ಸಮಾಧಾನ. ಆದರೆ ಕೆಂಪಾದ ಟರೆಟ್ಟನ್ನು ಏನು ಮಾಡುವುದು? ಜರ್ಮನ್ ಎಂಜಿನಿಯರುಗಳು ನೂರು ವರ್ಷ ಮೊದಲೇ ಯೋಚಿಸಿಟ್ಟಿದ್ದರು. ಆ ಹಡಗಿನಲ್ಲಿ ಆರು ಟರೆಟ್: ಮುಂದೊಂದು, ಹಿಂದೊಂದು, ಎಡಕ್ಕೆರಡು, ಬಲಕ್ಕೆರಡು. ಶತ್ರು ಎಡಗಡೆ ಬಂದರೆ ಬಲಗಡೆಯ ಎರಡಕ್ಕೆ ಕೆಲಸವಿಲ್ಲ. ನಡುವೆ ಚಿಮಣಿ, ಕಟ್ಟಡ ಎಲ್ಲ ಅಡ್ಡ. ಹನ್ನೆರಡು ತೋಪಿನಲ್ಲಿ ಎಂಟು ದುಡಿಯುತ್ತವೆ, ನಾಲ್ಕು ಸುಮ್ಮನೆ ಕೂತಿರುತ್ತವೆ. ಥೇಟ್ ಮದುವೆಮನೆ ಎಂದು ನನಗೆ ಅನ್ನಿಸಿತ್ತು. "ಅದು ರಿಸರ್ವ್ ಕಣೇ, ಒಂದು ಕಡೆ ಪೆಟ್ಟು ಬಿದ್ರೆ ಇನ್ನೊಂದು ಕಡೆ ಸೇಫಾಗಿರತ್ತೆ" ಎಂದು ನಮ್ಮವರು ವಾದಿಸಿದ್ದರು. ಯಾವ ಕಡೆಯದೆಂದು ಕೇಳಿದೆ; ಪುಣ್ಯಕ್ಕೆ ಬಸವರಾಜ್ ಒರೆಸಿದ್ದು ಬಲಗಡೆಯದನ್ನು.

"ಮುಂದಿನ ತೋಪು ಮುಂದಕ್ಕೆ ತಿರುಗಿಸಿ, ಬಲಗಡೆನ ಗೋಡೆಗೆ ಮಾಡಿ ಇಡಿ," ಎಂದೆ.

ಫೋನ್ ಇಟ್ಟು ದೇವರ ಮುಂದೆ ಕುಳಿತೆ. ಏನೆಂದು ಬೇಡುವುದು? ನಿನ್ನ ಕುಂಕುಮ ಯಾರ ಕಣ್ಣಿಗೂ ಬೀಳದಿರಲಿ ಎಂದು ದೇವಿಯನ್ನೇ ಬೇಡಿಕೊಂಡ ಹೆಂಗಸು ನಾನೊಬ್ಬಳೇ ಇರಬೇಕು.

ಸಂಜೆ ನಮ್ಮವರೇ ಫೋನ್ ಮಾಡಿದರು. "ಬಹುಮಾನ ಬರಲಿಲ್ಲ ಕಣೇ."

"ನನ್ನಿಂದಾನಾ ರೀ?"

"ಜಡ್ಜು ಬಿಳೀ ಗಡ್ಡದ ಅಜ್ಜ. ಡೆಂಟಿಸ್ಟ್ ಥರ ಕಡ್ಡಿಗೆ ಕನ್ನಡಿ ಕಟ್ಕೊಂಡು ಬಂದಿದ್ರು. ಅದನ್ನ ಹಡಗಿನ ಹಿಂದಗಡೆ ಇಟ್ಟು ನೋಡೇಬಿಟ್ರು. ಟರೆಟ್ ತಲೆಗೆ ಕೆಂಪು ಬಳಿಯೋದು ಎರಡನೇ ಯುದ್ಧದಲ್ಲಿ, ತಮ್ಮದೇ ವಿಮಾನಕ್ಕೆ ಗುರುತು ಸಿಗಲಿ ಅಂತ, ಇಲ್ಲಿ ಯಾಕೆ ಅಂದ್ರು. ನನ್ನ ಹೆಂಡತಿ ಪೂಜೆ ಮಾಡಿದಾಳೆ ಅಂದೆ."

"ಅಯ್ಯೋ! ಅದಕ್ಕೇನಂದ್ರು?"

"ಅದೃಷ್ಟವಂತ ಕಣಯ್ಯಾ, ನನ್ನವಳು ವ್ಯಾಕ್ಯೂಮ್ ಮಾಡಿದ್ಲು, ಎರಡು ತೋಪು ಇವತ್ತಿಗೂ ಸಿಕ್ಕಿಲ್ಲ ಅಂದ್ರು. ಕುಂಕುಮಕ್ಕೆ ಒಂದು ಪಾಯಿಂಟೂ ಕಳೀಲಿಲ್ಲ." ನಮ್ಮವರ ದನಿ ಇಳಿಯಿತು. "ತಪ್ಪು ನಂದೇ. ಯುದ್ಧ ಶುರುವಾದ ಮೇಲೆ ವಿಮಾನ ಹೊಡೆಯೋ ತೋಪು ಎರಡು ಬಂದಾಗ, ಹಳೇ ಚಿಕ್ಕ ತೋಪು ಎರಡನ್ನ ತೆಗೆದಿದ್ರು. ನಾನು ಹಳೇದನ್ನೂ ಬಿಟ್ಟು ಹೊಸದನ್ನೂ ಇಟ್ಟಿದೀನಿ. ಮೂರು ವರ್ಷ ಆ ಡ್ರಾಯಿಂಗ್ ನೋಡಿದೀನಿ, ಹೊಳೀಲೇ ಇಲ್ಲ."

ಇಲ್ಲಿ ಒಳ್ಳೆಯ ಹೆಂಡತಿಯ ಕಣ್ಣಲ್ಲಿ ನೀರು ಬರಬೇಕಿತ್ತು. ನನ್ನ ಕೈ ತಾನಾಗಿ ಮೇಲೆದ್ದು ಕೆನ್ನೆ ಬಡಿದುಕೊಂಡಿತು. ಅಮ್ಮಾ ತಾಯಿ, ತಪ್ಪು ಅವರದೇ, ನನ್ನ ಮಾನ ಉಳಿಸಿದೆ! ಗಂಡನ ಮೇಲಿನ ಕನಿಕರ ಅದರ ಹಿಂದೆ, ಏದುಸಿರು ಬಿಡುತ್ತಾ ಬಂದು ತಲುಪಿತು.

"ಎರಡು ಜಾಸ್ತಿ ಇದ್ರೇನ್ರೀ, ಕಮ್ಮಿ ಬೀಳಲಿಲ್ವಲ್ಲ," ಎಂದೆ.

ಅವರು ನಕ್ಕುಬಿಟ್ಟರು. "ಜಡ್ಜ್‌ಗೆ ಇದನ್ನೇ ಹೇಳ್ಬೇಕಿತ್ತು. ಬೆಳಿಗ್ಗೆ ಹೊರಡ್ತೀನಿ, ಸಾರು ಇಟ್ಟಿರು."

ಫೋನ್ ಇಟ್ಟ ಮೇಲೆ ದಿನದ ದಯೆಗಳನ್ನು ಎಣಿಸಲು ಕುಳಿತೆ. ಬಣ್ಣ ಕೆಟ್ಟಿದ್ದು ಒಂದೇ ಟರೆಟ್ಟಿನದು. ಅದನ್ನೂ ಕೆಡಿಸಿದವರು ಬಸವರಾಜ್. ಜಡ್ಜ್ ಒಳ್ಳೆಯವರು. ಅಲ್ಲಿಂದ ಮುಂದಿನದಕ್ಕೆ ಬಂದಾಗ ಎಣಿಕೆ ತಾನೇ ನಿಂತಿತು. ವಿಜಯದಶಮಿಯ ದಿನ ಗಂಡ ಸೋತದ್ದಕ್ಕೆ ದೇವಿಗೆ ಕೈಮುಗಿದವಳು ನಾನು. ದೀಪ ಇನ್ನೂ ಉರಿಯುತ್ತಿತ್ತು, ದೇವಿಯೂ ನೋಡುತ್ತಿದ್ದಳು. ಆ ಮುಖವನ್ನು ಎದುರಿಸಲಾಗದೆ, ಡ್ರೈಯರಿನಲ್ಲಿದ್ದ ಬಟ್ಟೆ ಮಡಿಸಲು ಬೇಸ್‌ಮೆಂಟಿಗೆ ಇಳಿದೆ.